ಮಿರ್ಲೆ ಮನೆಯ ಖಾಲಿ ಮೊಳೆ

ವಿಜಯದಶಮಿಯ ದಿನ ಬೆಳಿಗ್ಗೆ ಹತ್ತಕ್ಕೆ ಸ್ಟುಡಿಯೋದ ಬಾಗಿಲು ತೆಗೆದು, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಕಂಪ್ಯೂಟರ್ ಆನ್ ಮಾಡಿದೆ. ಫ್ಯಾನ್ ತಿರುಗಿತು. ಮುಂದಿನ ಪುಟ್ಟ ದೀಪ ಹತ್ತಿತು. ಆಮೇಲೆ ಏನೂ ಇಲ್ಲ. ಪರದೆ ತುಂಬ ಕಪ್ಪು, ಅದರ ಮೂಲೆಯಲ್ಲಿ ಬಿಳಿ ಅಕ್ಷರದ ಎರಡು ಸಾಲು ಇಂಗ್ಲಿಷ್. ಹಾರ್ಡ್ ಡಿಸ್ಕ್ ಕಾಣಿಸುತ್ತಿಲ್ಲ, ಜೋಡಣೆ ನೋಡಿ ಮತ್ತೆ ಶುರು ಮಾಡಿ ಅಂತ ಅದರ ಅರ್ಥ. ಆರಿಸಿ ಮತ್ತೆ ಹಾಕಿದೆ. ಅದೇ ಎರಡು ಸಾಲು. ಗೋಡೆಯ ಸ್ವಿಚ್ಚಿನಿಂದಲೇ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಹಾಕಿದೆ. ಅದೇ ಎರಡು ಸಾಲು. ನಾಲ್ಕನೇ ಸಲ ಡಬ್ಬದ ನೆತ್ತಿಯ ಮೇಲೆ ಒಂದು ಏಟು ಬಿಟ್ಟೆ. ನನ್ನ ಕೈ ನೋಯಿತು, ಅದಕ್ಕೇನೂ ಆಗಲಿಲ್ಲ.

ಕೃಷ್ಣರಾಜನಗರದಲ್ಲಿ ನಾನು ಫೋಟೋ ಸ್ಟುಡಿಯೋ ಇಟ್ಟು ಹದಿನೆಂಟು ವರ್ಷವಾಯಿತು. ಕೆಲಸ ಕಲಿತದ್ದು ಹುಣಸೂರಿನಲ್ಲಿ. ಹೆಂಗಸು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಮದುವೆ ಮನೆಗೆ ಹೋದರೆ ಮೊದಮೊದಲು ಜನ ಹೆಣ್ಣು ಗಂಡನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಈಗ ಹೆಣ್ಣಿನ ಕಡೆಯವರು ‘ಆಯಮ್ಮನ್ನೇ ಕರೀರಿ’ ಅನ್ನುತ್ತಾರೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತಲೂ ಅನ್ನುತ್ತಾರೆ. ಸುಳ್ಳೇನಲ್ಲ. ಗಂಡಿನ ಸೋದರಮಾವ ಅಡ್ಡ ನಿಂತರೆ ಅವರನ್ನೂ ಗದರಿಸಿ ಪಕ್ಕಕ್ಕೆ ಸರಿಸಿದವಳು ನಾನು.

ಆದರೆ ಆ ಬೆಳಿಗ್ಗೆ ಕೋಪಕ್ಕಿಂತ ಮೊದಲು ಬಂದದ್ದು ಭಯ. ಆ ಡಿಸ್ಕಿನೊಳಗೆ ಶ್ರಾವಣದಲ್ಲಿ ಹತ್ತಿರದ ಮಿರ್ಲೆ ಊರಿನಲ್ಲಿ ನಡೆದ ಒಂದು ಮದುವೆಯ ಫೋಟೋಗಳಿದ್ದವು. ಬೇರೆಲ್ಲೂ ಇರಲಿಲ್ಲ. ಕ್ಯಾಮೆರಾದ ಕಾರ್ಡುಗಳನ್ನು ಆಮೇಲಿನ ಮದುವೆಗಳಿಗಾಗಿ ನಾನೇ ಅಳಿಸಿದ್ದೆ. ಇನ್ನೊಂದು ಕಡೆ ಕಾಪಿ ಹಾಕಬೇಕು, ಆಲ್ಬಮ್ಮಿಗೆ ಕಳಿಸಬೇಕು ಅಂತ ದಿನಾ ಅಂದುಕೊಳ್ಳುತ್ತಿದ್ದೆ. ಇವತ್ತು ನಾಳೆ, ಇವತ್ತು ನಾಳೆ ಅನ್ನುವುದರಲ್ಲಿ ದಸರಾ ಬಂದು ಕೂತಿತ್ತು.

ಅದು ಎಲ್ಲರ ಮದುವೆಯಂತಹ ಮದುವೆಯಲ್ಲ. ಮಿರ್ಲೆಯ ಒಂದು ರೈತರ ಮನೆ. ಒಬ್ಬನೇ ಮಗ, ಬೈಕಿನಿಂದ ಬಿದ್ದು ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಅವನ ಹೆಂಡತಿ, ಹೆತ್ತವರಿಲ್ಲದ ಹುಡುಗಿ, ಅತ್ತೆ ಮಾವನ ಜೊತೆಯಲ್ಲೇ ಉಳಿದಿದ್ದಳು. ಅತ್ತೆಯೇ ಊರೂರು ತಿರುಗಿ ಅವಳಿಗೆ ಪಿರಿಯಾಪಟ್ಟಣದ ಕಡೆಯ ಒಂದು ಗಂಡು ಹುಡುಕಿದರು. ಬಂಧುಗಳು, ದೇವಸ್ಥಾನದಲ್ಲಿ ಸದ್ದಿಲ್ಲದೆ ತಾಳಿ ಕಟ್ಟಿಸಿ ಕಳಿಸಿಬಿಡಿ, ಛತ್ರ ಗಿತ್ರ ಏನೂ ಬೇಡ ಅಂದರಂತೆ. ಆಯಮ್ಮ ಕೇಳಲಿಲ್ಲ. ಮನೆ ಮುಂದೆ ಚಪ್ಪರ ಹಾಕಿಸಿ, ಓಲಗ ಊದಿಸಿ, ಗಂಡ ಹೆಂಡತಿ ಇಬ್ಬರೂ ಕೂತು ಸೊಸೆಯನ್ನು ಮಗಳಂತೆ ಧಾರೆ ಎರೆದುಕೊಟ್ಟರು. ಬಂಧುಗಳಲ್ಲಿ ಅರ್ಧಕ್ಕರ್ಧ ಬರಲಿಲ್ಲ. ಚಪ್ಪರದ ಕೆಳಗೆ ಖಾಲಿ ಕುರ್ಚಿಗಳು ಫೋಟೋದಲ್ಲಿ ಬೀಳದ ಹಾಗೆ ನಾನು ಎಷ್ಟು ಒದ್ದಾಡಿದ್ದೆ ಅಂತ ನನಗೊಬ್ಬಳಿಗೇ ಗೊತ್ತು.

ಆಯಮ್ಮ ಮದುವೆ ಆದಮೇಲೆ ಮೂರು ಸಲ ಅಂಗಡಿಗೆ ಬಂದು ಹೋಗಿದ್ದರು. ಆಲ್ಬಮ್ ಯಾವಾಗಲಾದರೂ ಕೊಡು, ಧಾರೆಯ ಒಂದು ಫೋಟೋ ಮಾತ್ರ ದೊಡ್ಡದು ಮಾಡಿ ಕಟ್ಟು ಹಾಕಿಸಿಕೊಡು ಅಂತ. ವಿಜಯದಶಮಿಗೆ ಖಂಡಿತ ಅಂತ ನಾನೇ ಮಾತು ಕೊಟ್ಟಿದ್ದೆ.

ಮೈಸೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಒಬ್ಬರಿಗೆ ಫೋನ್ ಮಾಡಿದೆ. ಹಬ್ಬದ ದಿನ ಫೋನ್ ತೆಗೆದದ್ದೇ ದೊಡ್ಡದು. ಎಲ್ಲಾ ಕೇಳಿಸಿಕೊಂಡು, “ಎಷ್ಟು ವರ್ಷದ ಡಿಸ್ಕ್ ಮೇಡಂ?” ಅಂದರು.

“ಏಳು.”

“ಹಂಗಾದ್ರೆ ಹೋಗಿರುತ್ತೆ ಬಿಡಿ. ಒಳಗಿರೋದು ಬೇಕು ಅಂದ್ರೆ ಬೆಂಗಳೂರಿಗೆ ಕಳಿಸ್ಬೇಕು. ಸಿಕ್ಕರೆ ಸಿಕ್ತು, ಇಲ್ಲಾಂದ್ರೆ ಇಲ್ಲ. ಬ್ಯಾಕಪ್ ಇರ್ಬೇಕಲ್ಲ?”

ನಾನು ಫೋನ್ ಇಟ್ಟೆ. ತಲೆ ಎತ್ತಿದರೆ ಬಾಗಿಲಲ್ಲಿ ಆಯಮ್ಮ ನಿಂತಿದ್ದಾರೆ. ಹಸಿರು ಅಂಚಿನ ಹಬ್ಬದ ಸೀರೆ, ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ.

“ಒಬ್ಬಟ್ಟು ಕಣವ್ವ, ಬಿಸಿ ಇದ್ದಾಗ್ಲೇ ತಿನ್ನು,” ಅಂದು ಡಬ್ಬಿಯನ್ನು ಟೇಬಲ್ ಮೇಲಿಟ್ಟು, ಬೆಂಚಿನ ಮೇಲೆ ಕೂತು, ಸೆರಗಿನಿಂದ ಗಾಳಿ ಬೀಸಿಕೊಂಡರು. “ಎಲ್ಲವ್ವ ನನ್ ಫೋಟೋ?”

ಆಗ ನಾನೊಂದು ಸುಳ್ಳು ಹೇಳಿದೆ. ಕರೆಂಟು ಏರುಪೇರಾಗ್ತಾ ಇದೆ, ಸಾಯಂಕಾಲ ಬನ್ನಿ ಅಂದೆ. ತಲೆಯ ಮೇಲೆ ಫ್ಯಾನು ಗಿರ್ರನೆ ತಿರುಗುತ್ತಿತ್ತು. ಆಯಮ್ಮ ಫ್ಯಾನು ನೋಡಿದರು, ನನ್ನನ್ನು ನೋಡಿದರು. ಸುಳ್ಳು ಅಂತ ಗೊತ್ತಾಯಿತೋ ಏನೋ, ಬೈಯಲಿಲ್ಲ.

“ನೋಡವ್ವ, ನಿಂಗೆ ಯೋಳ್ತೀನಿ ಕೇಳು. ನಮ್ಮ ನಡುಮನೇಲಿ ಒಂದು ಮೊಳೆ ಅದೆ. ಅದ್ರಲ್ಲಿ ನನ್ ಮಗನ ಮದ್ವೆ ಫೋಟೋ ಇತ್ತು. ನೀನೇ ತೆಗ್ದಿದ್ದು, ಜ್ಞಾಪಕ ಅದಾ?”

ಜ್ಞಾಪಕ ಇಲ್ಲದೆ ಏನು. ಅದೇ ಹುಡುಗಿಯ ಮೊದಲ ಮದುವೆ. ಹುಡುಗ ನಗು ತಡೆಯಲಾರದೆ ಮೂರು ಫೋಟೋ ಕೆಡಿಸಿದ್ದ.

“ಧಾರೆ ಆದ ಮಾರನೇ ದಿನ ಅದನ್ನ ಇಳಿಸ್ಬುಟ್ಟೆ. ದೀಪಾವಳಿಗೆ ಮಗಳು ಅಳಿಯ ಮೊದಲ್ನೇ ಹಬ್ಬಕ್ಕೆ ನಮ್ಮನೆಗೇ ಬರ್ತಾರೆ. ಅವಳಿಗೆ ನಮ್ಮನೆ ಬುಟ್ರೆ ಬೇರೆ ತವರು ಎಲ್ಲದೆ? ಆ ಅಳಿಯ ಹುಡುಗ ಬಂದು ಕೂತ್ಕೊಂಡಾಗ ಎದುರಿಗೆ ಆ ಫೋಟೋ ಇದ್ರೆ ಅವನ ಮನಸ್ಸಿಗೆ ಎಂಗಾಗ್ಬೇಕು? ಅದಕ್ಕೇ ಇಳಿಸ್ದೆ. ಆದ್ರೆ ಆ ಖಾಲಿ ಮೊಳೆ ಅದೆ ನೋಡು, ಅದನ್ನ ಕಂಡ್ರೆ ನನ್ ಹೊಟ್ಟೆ ಉರೀತದೆ ಕಣವ್ವ. ಅನ್ನ ತಿನ್ನುವಾಗ್ಲೂ ಅದೇ ಕಾಣ್ತದೆ. ಮದ್ವೆಗೆ ಬರ್ದೋರೆಲ್ಲ ಈಗ ಮನೇಗೆ ಬಂದು, ‘ಏನಕ್ಕ, ಮಗನ್ನೂ ಇಳಿಸ್ಬುಟ್ಟಾ’ ಅಂತ ಆ ಮೊಳೆ ನೋಡ್ತಾರೆ. ಧಾರೆ ಫೋಟೋ ಅಲ್ಲಿ ಬಂದು ಕೂತ್ರೆ ಎಲ್ರ ಬಾಯೂ ಮುಚ್ತದೆ.”

ಇದಾದ ಮೇಲೆ ಸುಳ್ಳನ್ನು ಹಿಡಿದುಕೊಂಡು ಕೂರಲು ನನ್ನಿಂದಾಗಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೆ. ಕಂಪ್ಯೂಟರ್ ಕೆಟ್ಟಿದೆ, ಫೋಟೋಗಳೆಲ್ಲ ಅದರೊಳಗಿವೆ, ಇನ್ನೊಂದು ಕಡೆ ಇಟ್ಟಿಲ್ಲ, ತಪ್ಪು ನನ್ನದೇ. ಆಯಮ್ಮ ಬೀಸಿಕೊಳ್ಳುತ್ತಿದ್ದ ಸೆರಗನ್ನು ಬಿಟ್ಟರು. “ಅಯ್ಯೋ ಸಿವನೆ,” ಅಂದರು ಅಷ್ಟೆ. ಅವರು ಕೂಗಾಡಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು.

ಅಷ್ಟರಲ್ಲಿ ನಮ್ಮಪ್ಪ ಬಂದರು. ದಿನಾ ತಿಂಡಿ ಮುಗಿಸಿ ಹನ್ನೊಂದಕ್ಕೆ ಬಂದು ಅಂಗಡಿಯಲ್ಲಿ ಕೂರುವುದು ಅವರ ಅಭ್ಯಾಸ. ನಲವತ್ತು ವರ್ಷ ಈ ಸುತ್ತಿನ ಗದ್ದೆಗಳಲ್ಲಿ ಪಂಪ್‌ಸೆಟ್ಟಿನ ಮೋಟರ್ ರಿಪೇರಿ ಮಾಡಿದವರು. ಈಗ ಕೈ ಸ್ವಲ್ಪ ನಡುಗುತ್ತದೆ ಅಂತ ಕೆಲಸ ಬಿಟ್ಟಿದ್ದಾರೆ, ಆದರೆ ಸಾಮಾನಿನ ಚೀಲ ಮಾತ್ರ ಹೆಗಲಿನಿಂದ ಇಳಿಸಿಲ್ಲ. ನಮ್ಮಿಬ್ಬರ ಮುಖ ನೋಡಿ ಏನಾಯ್ತು ಅಂದರು. ಹೇಳಿದೆ.

“ಹಾರ್ಡ್ ಡಿಸ್ಕಾ? ಛೆ ಛೆ, ಅದ್ಯಾಕೆ ಕೆಡ್ತದೆ. ನೆನ್ನೆ ತಾನೆ ಅದನ್ನ ಈಚೆಗೆ ತೆಗ್ದು ಪೂಜೆ ಮಾಡಿವ್ನಿ.”

ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಹಿಂದಿನ ದಿನ ಆಯುಧಪೂಜೆ. ಕ್ಯಾಮೆರಾ, ಲೈಟು, ಕಂಪ್ಯೂಟರಿನ ಡಬ್ಬ, ಎಲ್ಲಕ್ಕೂ ನಾನೇ ಅರಿಶಿನ ಕುಂಕುಮ ಇಟ್ಟು, ಮನೆಗೆ ನೆಂಟರು ಬರುತ್ತಾರೆಂದು ಬೇಗ ಹೊರಟಿದ್ದೆ. ಕುಂಬಳಕಾಯಿ ಒಡೆದು ಬಾಗಿಲು ಹಾಕಿಕೊಂಡು ಬರುತ್ತೇನೆ ಅಂತ ಅಪ್ಪ ಉಳಿದುಕೊಂಡಿದ್ದರು.

“ಈಚೆಗೆ ತೆಗ್ದು ಅಂದ್ರೆ?”

“ಡಬ್ಬಕ್ಕೆ ಪೂಜೆ ಮಾಡುದ್ರೆ ಏನು ಬಂತು ಮಗ? ನಲವತ್ತು ವರ್ಸ ಮೋಟರ್ ಪೂಜೆ ಮಾಡಿವ್ನಿ, ಯಾವತ್ತಾದ್ರೂ ಶೆಡ್ಡಿನ ಬಾಗ್ಲಿಗೆ ಕುಂಕುಮ ಮಡಗಿ ಬಂದಿದ್ದೀನಾ? ದುಡಿಯೋದು ಒಳಗಿರೋದು. ಎಲ್ಲಾ ಫೋಟೋ ಇದ್ರಲ್ಲೇ ಅವೆ ಅಂತ ನೀನೇ ಅವತ್ತು ತೋರ್ಸಿದ್ದೆ. ಸ್ಕ್ರೂ ಬಿಚ್ಚಿ, ವೈರ್ ತೆಗ್ದು, ಬಾಳೆಲೆ ಮ್ಯಾಲೆ ಮಡಗಿ, ವಿಭೂತಿ ಕಲಸಿ ಮೂರು ಬೆರಳು ಎಳ್ದೆ. ಈ ತಾಯಿ ಫೋಟೋನೂ ಅದ್ರಲ್ಲೇ ಅದೆ ಅಂತ ಒಂದು ಹೂವ ಜಾಸ್ತಿನೇ ಮಡಗ್ದೆ. ಮಂಗಳಾರತಿ ಮಾಡಿ, ಮೊದ್ಲಿದ್ದಂಗೇ ಹಾಕಿವ್ನಿ.”

ಆಮೇಲೆ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ನಿನ್ನ ಮೋಟರ್ ಬುದ್ಧಿ ನಿನ್ನ ಗದ್ದೇಲಿ ಇಟ್ಕೋ ಅಂದೆ. ನಡುಗೋ ಕೈ ಇಟ್ಟುಕೊಂಡು ಯಾಕೆ ಮುಟ್ಟೋಕೆ ಹೋಗ್ತೀಯ, ನಾಳೆಯಿಂದ ಅಂಗಡಿ ಕಡೆ ಬರಲೇಬೇಡ ಅಂದೆ. ಪಕ್ಕದ ಅಂಗಡಿಯವರು ಇಣುಕಿ ನೋಡಿದರು. ಅಪ್ಪ ತಮ್ಮ ಕೈ ನೋಡಿಕೊಂಡು, ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡರು. ಆ ನೋಟ ನೆನೆದರೆ ಈಗಲೂ ಕಸಿವಿಸಿಯಾಗುತ್ತದೆ.

ಬಾಯಿ ಬಿಟ್ಟವರು ಮಿರ್ಲೆಯ ಆಯಮ್ಮ. “ಸಾಕು ಸುಮ್ಕಿರವ್ವ! ಅಪ್ಪಂಗೆ ಇಂಗಾ ಅನ್ನೋದು? ನನ್ ಫೋಟೋಗೆ ಅಂತ ಹೂವ ಮಡಗಿದೋರು ಅವ್ರೊಬ್ರೆ. ನೀನು ಎರಡು ತಿಂಗ್ಳಿಂದ ಏನ್ ಮಡಗಿದ್ದೆ ಯೋಳು ನೋಡವ?” ಅಂದರು. ಆಮೇಲೆ ಅಪ್ಪನ ಕಡೆ ತಿರುಗಿ, “ಅಣ್ಣ, ಬಿಚ್ಚಿದೋರು ನೀವೇ ತಾನೆ, ನೀವೇ ಇನ್ನೊಂದ್ಸಲ ನೋಡಿ,” ಅಂದರು.

ಅಪ್ಪ ನನ್ನ ಮುಖ ನೋಡಿದರು. ನಾನು ಡಬ್ಬದ ಮುಂದಿನಿಂದ ಪಕ್ಕಕ್ಕೆ ಸರಿದೆ. ಅವರು ಚೀಲ ತೆಗೆದರು.

ಡಬ್ಬದ ಪಕ್ಕದ ತಗಡು ಬಿಚ್ಚಿದರೆ ಒಳಗೆ ಹಾರ್ಡ್ ಡಿಸ್ಕ್ ಹಣೆಗೆ ವಿಭೂತಿ ಬಳಿದುಕೊಂಡು, ಕುಂಕುಮ ಇಟ್ಟುಕೊಂಡು, ಮದುಮಗನ ಹಾಗೆ ಕೂತಿತ್ತು. ಇಷ್ಟಾದರೂ ನನಗೆ ನಗು ಬಂತು. ಬಂದ ನಗುವನ್ನು ನುಂಗಿಕೊಂಡೆ.

“ಕರೆಂಟ್ ಹಾಕು,” ಅಂದರು ಅಪ್ಪ. ಹಾಕಿದೆ. ಅವರು ಚೀಲದಿಂದ ಉದ್ದನೆಯ ಸ್ಕ್ರೂಡ್ರೈವರ್ ತೆಗೆದು, ತುದಿಯನ್ನು ಮೆಲ್ಲಗೆ ಡಿಸ್ಕಿನ ಮೈಗೆ ತಾಕಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡರು. ಮೋಟರಿನ ಬೇರಿಂಗ್ ಸವೆದಿದೆಯೇ ಇಲ್ಲವೇ ಅಂತ ಅವರು ನೋಡುತ್ತಿದ್ದದ್ದು ಹೀಗೆಯೇ. ಚಿಕ್ಕವಳಿದ್ದಾಗ ಕಾಲುವೆ ಬದುವಿನ ಮೇಲೆ ಕೂತು ಅದೆಷ್ಟು ಸಲ ನೋಡಿದ್ದೇನೋ. ಸ್ಕ್ರೂಡ್ರೈವರ್ ತಾಕಿದಾಗ ಅವರ ಕೈ ನಡುಗಲಿಲ್ಲ.

“ತಿರುಗ್ತಾ ಅದೆ. ಒಂದೇ ಸಮ ತಿರುಗ್ತಾ ಅದೆ, ಟಕ್ ಟಕ್ ಅನ್ನೋದು ಏನಿಲ್ಲ. ಕೇಳು ಬಾ.”

ಹೋಗಿ ಕಿವಿ ಇಟ್ಟೆ. ಸಣ್ಣ ಸದ್ದು, ಎಡೆಬಿಡದೆ ಕೇಳುತ್ತಿತ್ತು.

“ಮೋಟರ್ ಸುಟ್ಟಿಲ್ಲ ಮಗ. ಕರೆಂಟೂ ಬತ್ತಾ ಅದೆ. ಅದ್ಕೂ ಈ ಬೋರ್ಡಿಗೂ ಮಾತು ನಿಂತೋಗದೆ, ಅಷ್ಟೆ. ಯಾವ ವೈರು ಮಾತಿಂದು?”

ತೋರಿಸಿದೆ. ಡಿಸ್ಕಿಗೆ ಎರಡು ವೈರು ಬರುತ್ತವೆ. ಅಗಲವಾದ ಬಾಯಿಯದು ಕರೆಂಟಿನದು, ಅದರ ಪಕ್ಕದ ಚಿಕ್ಕ ಬಾಯಿಯ ಕೆಂಪು ಪಟ್ಟಿಯಂಥದ್ದು ಫೋಟೋ, ಲೆಕ್ಕ, ಎಲ್ಲವನ್ನೂ ಸಾಗಿಸುವುದು. ಕರೆಂಟು ಆರಿಸಿ ಕೆಂಪು ವೈರನ್ನು ಎಳೆದು ನೋಡಿದೆ. ಡಿಸ್ಕಿನ ಅಂಚಿನಲ್ಲಿ ಸಾಲಾಗಿ ಹೊಳೆಯಬೇಕಾದ ಪುಟ್ಟ ಪುಟ್ಟ ಲೋಹದ ಗೀರುಗಳ ಮೇಲೆಲ್ಲ ಬಿಳಿ ಹಕ್ಕಳೆ. ಅಪ್ಪನ ಮೂರು ಬೆರಳು ಹಣೆಯಲ್ಲಿ ನಿಲ್ಲದೆ ಅಂಚಿನವರೆಗೂ ಹೋಗಿದ್ದವು. ಹಸಿ ವಿಭೂತಿ ಇಳಿದು, ಅಲ್ಲೇ ಒಣಗಿ ಗಟ್ಟಿಯಾಗಿತ್ತು.

“ಓಹೋ,” ಅಂದರು ಅಪ್ಪ. “ತಪ್ಪು ನಂದೇ ಕಣವ್ವ.”

ಲೆನ್ಸ್ ಒರೆಸುವ ಮೆತ್ತನೆಯ ಬ್ರಷ್ ತಂದೆ. ಧೂಳು ಊದುವ ರಬ್ಬರ್ ಬುಗ್ಗೆ ತಂದೆ. ನಾನು ಬ್ರಷ್ಷಿನಿಂದ ಕೆರೆದೆ, ಆಯಮ್ಮ ಬುಗ್ಗೆ ಹಿಡಿದು ಫುಸ್ ಫುಸ್ ಅಂತ ಊದಿದರು, ಅಪ್ಪ ಟಾರ್ಚ್ ಹಿಡಿದರು. ಗಟ್ಟಿಯಾಗಿ ಹಿಡಿದಿದ್ದನ್ನು ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ ಮೆಲ್ಲಗೆ ಉಜ್ಜಿದೆ. ಗೀರುಗಳು ಒಂದೊಂದಾಗಿ ಚಿನ್ನದ ಬಣ್ಣಕ್ಕೆ ಬಂದವು. ವೈರ್ ಸೇರಿಸಿ, ಉಸಿರು ಬಿಗಿಹಿಡಿದು ಸ್ವಿಚ್ ಒತ್ತಿದೆ.

ಕಪ್ಪು ಪರದೆ. ಅದೇ ಎರಡು ಸಾಲು.

ನಾನು ಕುರ್ಚಿಯ ಮೇಲೆ ಕುಸಿದು ಕೂತೆ. ಮುಗೀತು, ಮೈಸೂರಿನವರು ಹೇಳಿದ್ದೇ ಸರಿ ಅನ್ನಿಸಿತು. ಆಯಮ್ಮನ ಮುಖ ನೋಡುವ ಧೈರ್ಯವಾಗಲಿಲ್ಲ. ಅಪ್ಪ ಮಾತ್ರ ಕೆಂಪು ವೈರನ್ನು ಬಿಚ್ಚಿ, ಅದರ ಬಾಯಿಯನ್ನು ಟಾರ್ಚಿನ ಬೆಳಕಿಗೆ ಹಿಡಿದರು.

“ಗಂಡು ಪಿನ್ ಒರೆಸ್ದೆ, ಸರಿ. ಹೆಣ್ಣು ಪಿನ್ನಿನ ಒಳಗೂ ಬೂದಿ ತುಂಬ್ಕೊಂಡದೆ ನೋಡು. ಇಲ್ಲಿಗೆ ಬ್ರಷ್ ಹೋಗಕಿಲ್ಲ. ಇದೇ ತರದ ವೈರ್ ಇನ್ನೊಂದಿಲ್ವಾ?”

ಇತ್ತು. ಅದೇ ಡಬ್ಬದೊಳಗೆ, ನನ್ನ ಕಣ್ಣೆದುರಿಗೇ ಇತ್ತು. ಈಗ ಯಾರೂ ಮದುವೆ ಸಿಡಿ ಕೇಳುವುದಿಲ್ಲ, ಸಿಡಿ ಬರೆಯುವ ಡ್ರೈವ್ ವರ್ಷಗಟ್ಟಲೆಯಿಂದ ಸುಮ್ಮನೆ ಕೂತಿತ್ತು. ಅದಕ್ಕೆ ಹೋಗಿದ್ದದ್ದೂ ಅಂಥದೇ ಕೆಂಪು ವೈರು. ಬಿಚ್ಚಿ ಡಿಸ್ಕಿಗೆ ಹಾಕಿದೆ. ಟಕ್ ಅಂತ ಕೂತುಕೊಂಡಿತು. ಸ್ವಿಚ್ ಒತ್ತಲು ನನಗೆ ಕೈ ಬರಲಿಲ್ಲ. “ನೀನೇ ಒತ್ತಪ್ಪ,” ಅಂದೆ.

ಅಪ್ಪ ಒತ್ತಿದರು. ಪರದೆ ಕಪ್ಪಾಗಿತ್ತು, ಕಪ್ಪಾಗಿತ್ತು, ಆಮೇಲೆ ನೀಲಿಯಾಯಿತು. ಮೂಲೆಯಲ್ಲಿ ನನ್ನ ಫೋಲ್ಡರುಗಳು ಒಂದೊಂದಾಗಿ ಬಂದು ಕೂತವು. ನಾನು ಕಿರುಚಿದೆನಂತೆ. ಪಕ್ಕದ ಅಂಗಡಿಯವರು ಮತ್ತೆ ಇಣುಕಿದರು.

ಮೊದಲು ಮಾಡಿದ್ದು ಆ ಮದುವೆಯನ್ನು ಪೆನ್ ಡ್ರೈವಿಗೂ ಫೋನಿಗೂ ಕಾಪಿ ಹಾಕಿದ್ದು. ಆಮೇಲೆ ಧಾರೆಯ ಫೋಟೋ ತೆರೆದೆ. ಬಿಂದಿಗೆಯಿಂದ ನೀರು ಬೀಳುತ್ತಿದೆ. ಕೆಳಗೆ ಮದುಮಗನ ಕೈ, ಅದರ ಮೇಲೆ ಹುಡುಗಿಯ ಕೈ, ಎರಡನ್ನೂ ಹಿಡಿದಿರುವ ಎರಡು ಒರಟು ಕೈಗಳು, ಅವುಗಳ ಹಿಂದೆ ಬಗ್ಗಿದ ಒಂದು ಮುಖ. ಆಯಮ್ಮ ಕನ್ನಡಕ ಹಾಕಿಕೊಂಡು ಪರದೆಗೆ ಮೂಗು ತಾಕುವಷ್ಟು ಬಗ್ಗಿದರು. ಬಹಳ ಹೊತ್ತು ನೋಡಿದರು.

“ನೋಡವ್ವ, ನಮ್ ಯಜಮಾನ್ರು ಎಂಗೆ ಅಳ್ತಾವ್ರೆ! ‘ನಾನು ಅಳ್ನಿಲ್ಲ, ಹೊಗೆ ಬಂತು’ ಅಂತ ಊರೆಲ್ಲಾ ಯೋಳ್ಕಂಡು ತಿರುಗ್ತಾವ್ರೆ. ಇದನ್ನೇ ಹಾಕು. ಇದೇ ಇರ್ಲಿ,” ಅಂದು ನಗಲು ಹೋದವರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಅವರು ಹೋದಮೇಲೆ ಒಬ್ಬಟ್ಟಿನ ಡಬ್ಬಿ ತೆಗೆದು ಅಪ್ಪನ ಮುಂದಿಟ್ಟೆ. ತಪ್ಪಾಯ್ತು ಅಂತ ಬಾಯಿಬಿಟ್ಟು ಹೇಳುವ ಅಭ್ಯಾಸ ನಮ್ಮ ಮನೆಯಲ್ಲಿಲ್ಲ. ಆದರೂ ಆ ದಿನ ಹೇಳಿದೆ. ಅಪ್ಪ ತುಪ್ಪ ಇದೆಯಾ ಅಂತ ಕೇಳಿದರು. “ಬುಡು, ಬರೋ ವರ್ಸ ಒಣ ವಿಭೂತಿ ಹಾಕ್ತೀನಿ,” ಅಂದರು.

ಕಟ್ಟು ಹಾಕಿಸಿದ ಫೋಟೋವನ್ನು ಅದೇ ವಾರ ಆಯಮ್ಮನ ಯಜಮಾನರು ಬಂದು ತೆಗೆದುಕೊಂಡು ಹೋದರು. ಆಲ್ಬಮ್ಮನ್ನು ಮಾತ್ರ ನಾನೇ ದೀಪಾವಳಿಯ ದಿನ ಮಿರ್ಲೆಗೆ ತೆಗೆದುಕೊಂಡು ಹೋದೆ, ಸ್ಕೂಟರಿನ ಹಿಂದಿನ ಸೀಟಿನಲ್ಲಿ ಅಪ್ಪ, ಅವರ ಹೆಗಲಲ್ಲಿ ಚೀಲ. ನಾವು ಕಾಫಿ ಕುಡಿಯುವಾಗಲೇ ಮಗಳು ಅಳಿಯ ಬಂದರು. ಆರತಿ ಆಯಿತು. ಹುಡುಗಿ ಹೊಸ್ತಿಲು ದಾಟಿ ನಡುಮನೆಗೆ ಬಂದವಳು ಮೊದಲು ಆ ಗೋಡೆ ನೋಡಿದಳು. ಮೊಳೆಯಲ್ಲಿ ಧಾರೆಯ ಫೋಟೋ ಇತ್ತು. ಅವಳು ನೋಡುತ್ತಲೇ ನಿಂತಳು. ನಾವೆಲ್ಲ ಅವಳನ್ನು ನೋಡುತ್ತಾ ಕೂತೆವು.

“ಅವ್ವ,” ಅಂದಳು ಮೆಲ್ಲಗೆ, “ಅದನ್ನ ಎಲ್ಲಿ ಮಡಗಿದ್ದೀಯ?”

“ಟ್ರಂಕಲ್ಲಿ, ನನ್ ಧಾರೆ ಸೀರೆ ಮಧ್ಯೆ ಮಡಗಿವ್ನಿ ಕಣವ್ವ. ಏನೂ ಆಗಿಲ್ಲ.”

ಆಮೇಲೆ ಹೊಸ ಅಳಿಯ, ಬಂದಾಗಿನಿಂದ ನಾಚಿಕೊಂಡು ತಲೆ ತಗ್ಗಿಸಿ ನಿಂತಿದ್ದವನು, ಗಂಟಲು ಸರಿಮಾಡಿಕೊಂಡ.

“ಅದನ್ನೂ ತನ್ನಿ ಅತ್ತೆ. ಪಕ್ಕದಲ್ಲಿ ಇನ್ನೊಂದು ಮೊಳೆ ಹೊಡೀತೀನಿ. ಅವ್ರ ಮನೇಲಿ ಅವ್ರೇ ಇಲ್ಲ ಅಂದ್ರೆ ಎಂಗೆ?”

ಆಯಮ್ಮ ಎದ್ದು ಒಳಗೆ ಹೋದರು. ಟ್ರಂಕಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು, ಅದರ ಹಿಂದೆಯೇ ಅವರು ಜೋರಾಗಿ ಅತ್ತದ್ದೂ. ಅವರ ಯಜಮಾನರು ಈ ಸಲ ಹೊಗೆ ಅಂತ ಹೇಳಲಿಲ್ಲ.

ಅಪ್ಪ ಚೀಲಕ್ಕೆ ಕೈ ಹಾಕಿ ಒಂದು ಮೊಳೆ, ಸುತ್ತಿಗೆ ತೆಗೆದು, ಸುತ್ತಿಗೆಯನ್ನು ಹುಡುಗನಿಗೆ ಕೊಟ್ಟರು. ಎದ್ದು ಹೋಗಿ ಗೋಡೆಯನ್ನು ಬೆರಳಿನಿಂದ ಅಲ್ಲಲ್ಲಿ ಬಡಿದು ನೋಡಿದರು.

“ಅಲ್ಲಿ ಬೇಡ ಕಣಪ್ಪ, ಸ್ವಿಚ್ಚಿನ ವೈರು ಹಾದೋಗದೆ. ಇಲ್ಲಿ, ಒಂದು ಗೇಣು ಈಚೆಗೆ ಹೊಡಿ,” ಅಂದು ಮೊಳೆಯನ್ನು ತಾವೇ ಹಿಡಿದುಕೊಂಡರು.